ಒರತೆಯ ಮರಳು

ನಾನು ಚಿಕ್ಕವಳಿದ್ದಾಗ ಹೊಳೆಯ ಪಕ್ಕದಲ್ಲೇ ಇದ್ದರೂ ಹರಿಯುವ ನೀರನ್ನು ಕುಡಿಯುತ್ತಿರಲಿಲ್ಲ ಎಂದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ ಬಿಡಿ. ಹರಿಹರದ ಆಚೆ, ತುಂಗಭದ್ರೆಯ ದಂಡೆಯ ಮೇಲೆ ನಮ್ಮ ಊರು. ಯುಗಾದಿ ಕಳೆಯಿತೆಂದರೆ ಹೊಳೆ ಸೊರಗಿ ಒಂದು ಮಗ್ಗುಲಿಗೆ ಸರಿದು ಹರಿಯುತ್ತಿತ್ತು. ಆ ನೀರಿನಲ್ಲಿ ಎಮ್ಮೆಗಳು ಬೀಳುತ್ತಿದ್ದವು, ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಕುಡಿಯಲು ಮಾತ್ರ ಒರತೆಯ ನೀರೇ ಆಗಬೇಕು. ಒರತೆ ಎಂದರೆ ಒಣಗಿದ ಹೊಳೆಯ ಮರಳಿನಲ್ಲಿ ಕೈಯಿಂದ ತೋಡಿದ ಗುಂಡಿ. ಒಂದು ಮೊಳ ತೋಡಿದರೆ ಸಾಕು, ತಳದಿಂದ ನೀರು ಜಿನುಗಿ ಬರುತ್ತಿತ್ತು.

ಬಂದ ಕೂಡಲೇ ಮೊಗೆಯುವಂತಿರಲಿಲ್ಲ. ತೆಂಗಿನ ಚಿಪ್ಪಿನಿಂದ ಮೂರು ಸಲ ಎತ್ತಿ ಚೆಲ್ಲಿ, ಸುಮ್ಮನೆ ಕೂತು ಕಾಯಬೇಕು. ನಾಲ್ಕನೆಯ ಸಲ ಬರುವ ನೀರು ಎಷ್ಟು ತಿಳಿಯೆಂದರೆ ತಳದ ಮರಳಿನ ಕಾಳು ಎಣಿಸಬಹುದಿತ್ತು. ನೀರು ತುಂಬಿಕೊಂಡ ಮೇಲೆ ದನ ತುಳಿಯದಂತೆ ಗುಂಡಿಯ ಮೇಲೆ ಜಾಲಿಮುಳ್ಳು ಮುಚ್ಚಿ ಬರಬೇಕು. ಊರಲ್ಲಿ ಬಾಣಂತಿ ಇದ್ದರೆ ದಿನದ ಮೊದಲ ಕೊಡ ಅವಳ ಮನೆಗೆ. ಆ ಬೇಸಿಗೆಯಲ್ಲಿ ದೊಡ್ಡವ್ವನ ಮಗಳು ಹೆತ್ತು ಐದು ದಿನವಾಗಿತ್ತು. ಆ ಕೊಡ ಹೊರುವ ಕೆಲಸ ಅಕ್ಕನದು, ಹಿಂದೆ ತಂಬಿಗೆ ಹಿಡಿದು ಹೋಗುವವಳು ನಾನು.

ಅಪ್ಪನ ಹತ್ತಿರ ಎತ್ತಿನ ಬಂಡಿ ಇತ್ತು. ದಾವಣಗೆರೆಯಲ್ಲಿ ಮನೆ ಕಟ್ಟಿಸುತ್ತಿದ್ದ ಯಾರೋ ಗೋಡೆಯ ಗಾರೆಗೆ ಮಣ್ಣಿಲ್ಲದ ಮರಳು ಬೇಕೆಂದು ಹೇಳಿ ಕಳಿಸಿದ್ದರು. ಅಪ್ಪ ಹೊಳೆಯಲ್ಲಿ ಅಲ್ಲೊಂದು ಹಿಡಿ ಇಲ್ಲೊಂದು ಹಿಡಿ ಎತ್ತಿ, ಅಂಗೈಯಲ್ಲಿ ಉಜ್ಜಿ, ಮುಖ ಸಿಂಡರಿಸುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಅಪ್ಪಾ, ನಮ್ ಒರತೆ ತಾವ ಬಾ. ಅಲ್ಲಿ ಉಸುಕು ಕೈಗೆ ಅಂಟಾದೇ ಇಲ್ಲ!"

ಮರಳು ಎಲ್ಲಿ ಚೊಕ್ಕಟವೋ ಅಲ್ಲಿ ನೀರು ಸಿಹಿ. ಇದು ಕೊಡ ಹೊರುವ ಹೆಂಗಸರಿಗೆ ಗೊತ್ತಿತ್ತು, ಬಂಡಿ ಹೊಡೆಯುವ ಗಂಡಸರಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಟ್ಟವಳು ನಾನು.

ಅಕ್ಕ ಅಡ್ಡ ನಿಂತಳು. "ಅಲ್ಲಿ ಬ್ಯಾಡಪ್ಪಾ. ಬೆಳಿಗ್ಗೆ ನೀರಿಗೆ ಏನ್ ಮಾಡಾದು?"

"ಒಂದು ಬಂಡಿ ಕಣವ್ವಾ. ಮಳೆಗಾಲ್ದಾಗೆ ಹೊಳೆ ಬಂದ್ರೆ ಎಲ್ಲಾ ತುಂಬ್ಕಂತೈತೆ" ಎಂದ ಅಪ್ಪ. ಸುಳ್ಳೇನೂ ಹೇಳಲಿಲ್ಲ. ಆಗ ಹಾಗೆಯೇ ತುಂಬುತ್ತಿತ್ತು.

ಮರುದಿನ ಮುಂಜಾನೆ ನಾವು ಹೋಗಿ ನೋಡಿದರೆ ಒರತೆಯ ಜಾಗದಲ್ಲಿ ಬಂಡಿಯಷ್ಟು ಅಗಲದ ಹೊಂಡ. ಅದರಲ್ಲಿ ಎರಡು ಎಮ್ಮೆಗಳು ಹಾಯಾಗಿ ಮಲಗಿ ಮೆಲುಕು ಹಾಕುತ್ತಿದ್ದವು. ನೀರು ಸಗಣಿ ಬಣ್ಣಕ್ಕೆ ತಿರುಗಿ ನಾರುತ್ತಿತ್ತು. ಅಕ್ಕ ಕೊಡ ಕೆಳಗಿಟ್ಟು ಅಳತೊಡಗಿದಳು. ಹಿಂದಿನ ವರ್ಷ ಹೊಳೆಯ ನೀರು ಕುಡಿದ ಬಾಣಂತಿಯೊಬ್ಬಳಿಗೆ ವಾಂತಿಭೇದಿ ಹತ್ತಿ, ಅವಳು ಬದುಕಿ ಉಳಿದದ್ದೇ ಹೆಚ್ಚಾಗಿತ್ತು. ದೊಡ್ಡವ್ವನ ಮನೆಯ ಕುಡಿಯುವ ನೀರಿನ ಗಡಿಗೆ ರಾತ್ರಿಯೇ ತಳ ಕಂಡಿತ್ತು.

ಕೊಡ ಬರಲಿಲ್ಲವೆಂದು ದೊಡ್ಡವ್ವ ತಾನೇ ಹುಡುಕಿಕೊಂಡು ಬಂದಳು. ಹೊಂಡ ನೋಡಿ ಸೊಂಟದ ಮೇಲೆ ಕೈಯಿಟ್ಟಳು. "ಯಾವ ಪುಣ್ಯಾತ್ಮನ ಕೆಲ್ಸ ಇದು?"

"ಅಪ್ಪ ಉಸುಕು ತುಂಬಿದ. ಜಾಗ ತೋರ್ಸಿದ್ದು ನಾನೇ ದೊಡ್ಡವ್ವಾ" ಎಂದೆ.

"ನೀ ತೋರ್ಸಿದ್ರೆ, ಅವನ ಬುದ್ಧಿ ಎಲ್ಲಿ ಮೇಯಾಕೆ ಹೋಗಿತ್ತು? ಕರಿ ಅವನ್ನ!"

ಅಪ್ಪ ಓಡಿ ಬಂದ. ಸನಿಕೆ ಹಿಡಿದು ಹೊಳೆಯ ಮೇಲುಗಡೆಗೆ ಹೋಗಿ ತೋಡಿದ. ಒಂದು ಕಡೆ ಬರೀ ಕೆಸರು. ಇನ್ನೊಂದು ಕಡೆ ನೀರು ಬಂತು, ನಾನು ನಾಲಿಗೆಗೆ ಮುಟ್ಟಿಸಿ ನೋಡಿದೆ, ಸವಳು. ಬಿಸಿಲು ಏರಿತು. ಮರಳು ಕಾದು ಅಂಗಾಲು ಸುಡುತ್ತಿತ್ತು. ಐದನೆಯ ಗುಂಡಿಯೋ ಆರನೆಯದೋ, ಊರು ಕಾಣದಷ್ಟು ದೂರದಲ್ಲಿ ಸಿಹಿ ನೀರು ಸಿಕ್ಕಿತು. ಅಪ್ಪನಿಗೆ ಅವಸರ, ಕೂಡಲೇ ಮೊಗೆಯಲು ಬಗ್ಗಿದ. ಅಕ್ಕ ಅವನ ಕೈ ಹಿಡಿದು, ಮೂರು ಸಲ ಚೆಲ್ಲಿಸಿ, ಕೂರಿಸಿ ಕಾಯಿಸಿದಳು.

ನಡೆದು ನಡೆದು ಅಕ್ಕನ ಕಾಲಿಗೆ ಬೊಬ್ಬೆ ಬಂದಿದ್ದವು. ಅಪ್ಪ ತಲೆಯ ರುಮಾಲನ್ನೇ ಸಿಂಬೆ ಮಾಡಿ ಕೊಡ ಹೊತ್ತ. ನಮ್ಮ ಕಡೆ ಗಂಡಸರು ಹುಲ್ಲು ಹೊರುತ್ತಿದ್ದರು, ಚೀಲ ಹೊರುತ್ತಿದ್ದರು. ಕುಡಿಯುವ ನೀರಿನ ಕೊಡ ತಲೆಯ ಮೇಲೆ ಹೊತ್ತು ಊರೊಳಗೆ ಬಂದ ಗಂಡಸನ್ನು ನಾನು ನೋಡಿದ್ದು ಅದೇ ಮೊದಲು. ಕಟ್ಟೆಯ ಮೇಲಿದ್ದವರು ಕೇಕೆ ಹಾಕಿದರು. ಬಾಗಿಲಲ್ಲಿ ಕಾಯುತ್ತಿದ್ದ ದೊಡ್ಡವ್ವನೂ ನಗು ತಡೆಯಲಿಲ್ಲ.

"ಏನ್ ಮೈದುನಾ, ಕೊಡ ಹೊತ್ತಿದ್ದಾತು. ಇನ್ನ ಸೀರೆ ಉಟ್ಕಂಬಿಡು!"

ಅಪ್ಪ ನಗಲಿಲ್ಲ. "ಆ ಜಾಗದಾಗೆ ಇನ್ನ ಸನಿಕೆ ಹಾಕಲ್ಲ ಅತ್ತಿಗೆ" ಎಂದ. ಒಳಗೆ ಬಾಣಂತಿಗೆ ನೀರು ಕಾಯಿಸಿ, ಆರಿಸಿ ಕೊಟ್ಟರು. ಅವಳು ಗಟಗಟ ಕುಡಿದ ಸದ್ದು ಹೊರಗೆ ನಿಂತಿದ್ದ ನಮಗೂ ಕೇಳಿಸಿತು.

ಅಪ್ಪ ಮಾತು ಉಳಿಸಿಕೊಂಡ. ಆದರೆ ದಾವಣಗೆರೆಯಲ್ಲಿ ಆ ಮರಳನ್ನು ಕೈಗೆತ್ತಿಕೊಂಡು ನೋಡಿದವರು ಇದು ಎಲ್ಲಿಯದು ಎಂದು ಕೇಳಿದರಂತೆ. ಮುಂದಿನ ಬೇಸಿಗೆಗೆ ಬೇರೆ ಬಂಡಿಗಳು ಬಂದವು. ಬಂದವರೆಲ್ಲ ಒಂದೇ ಬಂಡಿ ಎಂದರು. ನಾನು ಮದುವೆಯಾಗುವ ಹೊತ್ತಿಗೆ ಟ್ರ್ಯಾಕ್ಟರ್, ಆಮೇಲೆ ಲಾರಿ. ಎರಡು ಮಳೆಗಾಲದಲ್ಲಿ ಹೊಳೆ ತಂದು ಹಾಕುವುದನ್ನು ಅವು ಒಂದು ವಾರದಲ್ಲಿ ಹೊತ್ತುಕೊಂಡು ಹೋದವು. ಯಾರನ್ನು ಬೈಯಲಿ? ಹಳ್ಳಿಗಳು ಬೆಳೆದವು, ಪೇಟೆ ಬೆಳೆಯಿತು, ಎಲ್ಲರಿಗೂ ಮನೆ ಬೇಕಿತ್ತು. ನನಗೂ ಬೇಕಿತ್ತು.

ಈಗ ನಾನಿರುವುದು ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ. ನಲ್ಲಿ ಯಾವ ದಿನ ಬರುತ್ತದೆಂದು ಕಾಯುತ್ತೇವೆ, ಬಂದರೆ ಮನೆಮಂದಿಯೆಲ್ಲ ಎದ್ದು ಓಡಾಡುತ್ತೇವೆ. ಕುಡಿಯಲು ಕ್ಯಾನ್ ನೀರು. ಅದರ ಮುಚ್ಚಳ ತೆಗೆಯುವುದು ಮೊಮ್ಮಕ್ಕಳಿಗೆ ಚೆನ್ನಾಗಿ ಬರುತ್ತದೆ. ಅದು ಯಾವ ನೆಲದ ನೀರು ಎಂದು ಅವರಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಈ ಬೇಸಿಗೆಯಲ್ಲಿ ಒರತೆ ತೋರಿಸು ಎಂದು ಹಟ ಹಿಡಿದರು. ಕರೆದುಕೊಂಡು ಹೋದೆ. ಮರಳಿನ ಜಾಗದಲ್ಲಿ ಆಪಿನ ಹುಲ್ಲು ಆಳೆತ್ತರ ಬೆಳೆದಿತ್ತು, ಉಳಿದ ಕಡೆ ಕಪ್ಪು ಜೇಡಿ. ಮೊಮ್ಮಗಳು ಮೊಳಕೈವರೆಗೆ ತೋಡಿದಳು.

"ಅಜ್ಜಿ, ಇನ್ನೂ ಎಷ್ಟು ತೋಡ್ಲಿ?"

"ಸಾಕು ಬಾರವ್ವಾ, ಕೈ ತೊಳ್ಕೊ."

ಮನೆಯಿಂದ ತಂದಿದ್ದ ಬಾಟಲಿಯ ನೀರನ್ನು ಅವಳ ಕೈಗೆ ಹುಯ್ದೆ. ಅದು ಸೋರಿ ಗುಂಡಿಗೆ ಇಳಿಯಿತು. ಜೇಡಿ ಅದನ್ನು ಕುಡಿಯಲಿಲ್ಲ, ನೀರು ಹಾಗೆಯೇ ನಿಂತಿತು. ಅತ್ತ ಆಡುತ್ತಿದ್ದ ಚಿಕ್ಕ ಮೊಮ್ಮಗ ಓಡಿ ಬಂದು ಇಣುಕಿ ಕುಣಿದಾಡಿದ.

"ಬಂತು ಅಜ್ಜಿ! ಒರತೆ ಬಂತು!"

ಚಪ್ಪಾಳೆ ತಟ್ಟುತ್ತಿದ್ದ ಅವನ ಮುಖ ನೋಡಿದೆ. ಸುಮ್ಮನಿದ್ದುಬಿಡೋಣ ಅನಿಸಿತು. ಆದರೂ ಪಕ್ಕದಲ್ಲಿ ಕೂತು ಹೇಳಿದೆ:

"ಇಲ್ಲ ಮಗಾ. ಇದು ನಾವು ತಂದಿದ್ದ ನೀರು."