ಜಿರಳೆ, ಜೋನಿಬೆಲ್ಲ ಮತ್ತು ದೊಡ್ಡ ದೇಶ

ತೊಂಬತ್ತರ ದಶಕದಲ್ಲಿ ನಾವು ಶಂಕರಪುರಂನ ಒಂದು ವಠಾರದಲ್ಲಿ ಬಾಡಿಗೆಗಿದ್ದೆವು. ನಮ್ಮ ಅಡುಗೆಮನೆಗೂ ಓನರ್ ಆಂಟಿಯ ಉಗ್ರಾಣಕ್ಕೂ ನಡುವೆ ಒಂದೇ ಗೋಡೆ. ಅದರ ಬಿರುಕಿನಲ್ಲಿ ಜಿರಳೆಗಳು ಸಂಸಾರ ಹೂಡಿದ್ದವು. ಅವೆಲ್ಲ ನಮ್ಮ ಕಡೆಯಿಂದಲೇ ಬರುತ್ತವೆ ಎಂದು ಆಂಟಿ ತೀರ್ಮಾನಿಸಿಬಿಟ್ಟಿದ್ದರು.

"ಭಾನುವಾರ ನಾನೇ ಬಂದು ನಿಮ್ಮ ಅಡುಗೆಮನೇಲಿ ಔಷಧಿ ಹೊಡೀತೀನಿ. ಆಗಲ್ಲ ಅಂದ್ರೆ ಬೇರೆ ಮನೆ ನೋಡ್ಕೊಳ್ಳಿ" ಎಂದರು.

ಅಮ್ಮನ ಅಡುಗೆಮನೆಗೆ ಮಡಿಯಿಲ್ಲದೆ ಅಪ್ಪನೇ ಕಾಲಿಡುತ್ತಿರಲಿಲ್ಲ. ಕುಡಿಯುವ ನೀರನ್ನೂ ಹೊಸ್ತಿಲಾಚೆ ನಿಂತು ಕೇಳುತ್ತಿದ್ದರು. ಅಮ್ಮನ ಮಾತು ನಡೆಯುತ್ತಿದ್ದ ಜಾಗ ಇಡೀ ಬೆಂಗಳೂರಿನಲ್ಲಿ ಅದೊಂದೇ. ಈಗ ಅದೂ ಹೋಗುತ್ತದೆಂದು ಅಮ್ಮ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ನನಗೆ ಬೇರೆ ತಲೆನೋವು. ಶನಿವಾರ ಚಾಮರಾಜಪೇಟೆಯ ಮಹಿಳಾ ಸಮಾಜವೊಂದರಲ್ಲಿ ಚರ್ಚಾಸ್ಪರ್ಧೆ. ಸಮಾಜದ ಅಧ್ಯಕ್ಷೆ ಓನರ್ ಆಂಟಿಯೇ. ಕೇಳದೆ ಮಾಡದೆ ನನ್ನ ಹೆಸರು ಸೇರಿಸಿದ್ದವರೂ ಅವರೇ. ವಿಷಯ, ಮಾದಕವಸ್ತು ದಂಧೆ ಹತ್ತಿಕ್ಕಲು ದೊಡ್ಡ ದೇಶ ಸಣ್ಣ ದೇಶದೊಳಗೆ ಸೈನ್ಯ ಕಳಿಸಬಹುದೇ ಎಂಬುದು. ಯಾವ ಪುಣ್ಯಾತ್ಗಿತ್ತಿ ಆರಿಸಿದಳೋ. ಕೂಡದು ಎಂದು ವಾದಿಸುವುದು ನನ್ನ ಪಾಲಿಗೆ ಬಂತು. ಕೊಕೇನ್ ಗಿಡದಿಂದ ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ.

ಬರೆದದ್ದನ್ನು ಅಮ್ಮನ ಮುಂದೆ ಓದಿದೆ. ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಳು.

"ಆ ಪುಡಿ ತಗೊಳ್ಳೋರು ಯಾರೇ?"

"ಜಾಸ್ತಿ ದೊಡ್ಡ ದೇಶದೋರೇ."

"ಮತ್ತೆ? ನಮ್ಮ ಓನರಮ್ಮನೂ ಹಾಗೇ, ಉಗ್ರಾಣದಲ್ಲಿ ಜೋನಿಬೆಲ್ಲದ ಗಡಿಗೆ ಮುಚ್ಚದೆ ಇಟ್ಕೊಂಡು, ಜಿರಳೆ ಹಿಡಿಯೋಕೆ ನಮ್ಮನೆಗೆ ಬರ್ತಾರಂತೆ. ಮೊದಲು ಗಡಿಗೆ ಮುಚ್ಲಿ."

ಶನಿವಾರ ವೇದಿಕೆ ಹತ್ತಿದೆ. 'ಸಾರ್ವಭೌಮತ್ವ' ಎರಡು ಸಲ ಬಾಯಲ್ಲಿ ಸಿಕ್ಕಿಕೊಂಡು, ಮುಂದಿನದೆಲ್ಲ ಮರೆತೇಹೋಯಿತು. ದಿಕ್ಕು ತೋಚದೆ ಅಮ್ಮ ಹೇಳಿದ್ದನ್ನೇ ಹೇಳಿಬಿಟ್ಟೆ, ಗೋಡೆ, ಜಿರಳೆ, ಗಡಿಗೆ ಸಮೇತ. ಸಭೆ ಬಿದ್ದು ಬಿದ್ದು ನಕ್ಕಿತು. ಮೊದಲ ಸಾಲಿನಲ್ಲಿ ಯಾರು ಕೂತಿದ್ದಾರೆಂದು ನೆನಪಾದದ್ದು ಚಪ್ಪಾಳೆ ನಿಂತ ಮೇಲೆ.

ಎರಡನೆಯ ಬಹುಮಾನದ ಸ್ಟೀಲ್ ಡಬ್ಬಿಯನ್ನು ಆಂಟಿಯ ಕೈಯಿಂದಲೇ ತೆಗೆದುಕೊಂಡೆ. ಅವರು ಮುಖ ಗಂಟಿಕ್ಕಿಕೊಂಡೇ ಕೊಟ್ಟರು. ಮನೆಗೆ ಬಂದು ಎಲ್ಲ ಒಪ್ಪಿಸಿದಾಗ ಅಮ್ಮ, "ನಿನ್ನ ಬಾಯಿಗಿಷ್ಟು ಮಣ್ಣು ಹಾಕ, ಇನ್ನು ಮನೆ ಖಾಲಿ ಮಾಡೋದೇ" ಎಂದು ತಲೆಯ ಮೇಲೆ ಕೈಹೊತ್ತು ಕೂತಳು. ನನಗೆ ಡಬ್ಬಿಯನ್ನು ಎಲ್ಲಾದರೂ ಬಿಸಾಡುವಷ್ಟು ಸಂಕಟವಾಯಿತು.

ಭಾನುವಾರ ಬೆಳಿಗ್ಗೆ ಆಂಟಿ ಔಷಧಿಯ ಪಂಪು ಹಿಡಿದು ಬಂದೇಬಂದರು. ದಡದಡನೆ ನಡುಮನೆ ದಾಟಿದವರು ಅಡುಗೆಮನೆಯ ಹೊಸ್ತಿಲ ಬಳಿ ನಿಂತುಬಿಟ್ಟರು. ಗಂಟಲು ಸರಿಮಾಡಿಕೊಂಡು, "ಗಡಿಗೆ ಮುಚ್ಚಿದೀನಿ ಕಣ್ರೀ. ಒಳಗೆ ಬರ್ಲಾ?" ಎಂದರು.

ಅಮ್ಮ ಯಾರಿಗೂ ಎದುರಾಡಿದ್ದನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. ಒಲೆ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು ನಿಧಾನವಾಗಿ ತಿರುಗಿದಳು.

"ಬೇಡ್ರೀ. ಪಂಪು ಅಲ್ಲೇ ಇಟ್ಟು ಹೋಗಿ. ನಾನೇ ಹೊಡ್ಕೋತೀನಿ."

ಆಂಟಿ ಇಟ್ಟು ಹೋದರು.