ಮೊದಲು ಮೈದಾನ, ಆಮೇಲೆ ಚಹಾ

ನಮ್ಮ ಕಾಂಪೌಂಡಿನ ಮ್ಯಾನೇಜರು ಕೊಟ್ಟ ಚಹಾವನ್ನು ನನ್ನ ಮೊಮ್ಮಗಳು ಶ್ರೇಯಾ ಮೊನ್ನೆ ಮುಟ್ಟಲಿಲ್ಲ. ಕತಾರಿನಲ್ಲಿ ಯಾರಾದರೂ ಹಾಗೆ ಮಾಡುತ್ತಾರೆಯೇ? ಇವಳು ಮಾಡಿದಳು. ಅಂದಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ದೋಹಾದ ಐನ್ ಖಾಲಿದ್‌ನಲ್ಲಿ ಒಂದೇ ಗೋಡೆಯೊಳಗೆ ಹತ್ತಾರು ವಿಲ್ಲಾಗಳಿರುವ ನಮ್ಮ ಕಾಂಪೌಂಡಿನಲ್ಲಿ ಮಕ್ಕಳಿಗೆ ಆಡಲು ಇದ್ದದ್ದು ಒಂದೇ ಖಾಲಿ ಜಾಗ. ಇನ್ನು ಅಲ್ಲಿ ಕಾರು ನಿಲ್ಲಿಸುತ್ತೇವೆ, ಆಟ ಬಂದ್ ಎಂದು ಕಳೆದ ತಿಂಗಳು ಬೋರ್ಡು ಬಿತ್ತು. ಶ್ರೇಯಾ ಮುಖ ಊದಿಸಿಕೊಂಡು ಮನೆಯೊಳಗೆ ಗೋಡೆಗೆ ಚೆಂಡು ಹೊಡೆಯುತ್ತಿದ್ದಳು.

ಪಕ್ಕದ ವಿಲ್ಲಾಕ್ಕೆ ಬ್ರಿಟನ್ನಿನಿಂದ ಒಬ್ಬರು ಅಜ್ಜ ಬಂದಿದ್ದಾರೆ. ಅವರ ಅಳಿಯನೂ ನನ್ನ ಮಗನೂ ರಾಸ್ ಲಫಾನ್‌ನಲ್ಲಿ ಹೊಸ ಗ್ಯಾಸ್ ಪ್ಲಾಂಟ್ ಕಟ್ಟುವ ಕೆಲಸದಲ್ಲಿದ್ದಾರೆ. ಅಜ್ಜ ಹದಿನೈದಕ್ಕೇ ಕಲ್ಲಿದ್ದಲು ಗಣಿಗೆ ಇಳಿದವರು. ಜತೆಯವರ ದೂರು ಹಿಡಿದು ಮೇಲಿನವರ ಬಳಿ ಹೋಗುತ್ತಾ ಹೋಗುತ್ತಾ, ಕೊನೆಗೆ ಆ ಸೀಮೆಯ ಗಣಿ ಯೂನಿಯನ್ನಿಗೇ ಲೀಡರ್ ಆದರಂತೆ. ಇದೆಲ್ಲ ಶ್ರೇಯಾ ನನಗೆ ಕನ್ನಡ ಮಾಡಿ ಹೇಳಿದ್ದು. (ನಾನು ಓದಿದ್ದು ನಾಲ್ಕನೇ ಕ್ಲಾಸು, ನಿಮಗೆ ಗೊತ್ತಲ್ಲ. ನನ್ನ ಇಂಗ್ಲಿಷು ಗುಡ್ ಮಾರ್ನಿಂಗಿಗೇ ಮುಗಿಯುತ್ತದೆ.)

ಆ ಅಜ್ಜ ಮಕ್ಕಳನ್ನು ಮೆಟ್ಟಿಲ ಮೇಲೆ ಕೂರಿಸಿ ಪಾಠ ಮಾಡಿದರು. ಎಲ್ಲರೂ ಕೂಗಬೇಡಿ, ಒಬ್ಬರು ಮಾತಾಡಿ. ಹತ್ತು ಕೇಳಬೇಡಿ, ಒಂದು ಕೇಳಿ. ಮ್ಯಾನೇಜರು ಒಪ್ಪುವವರೆಗೆ ಅವರ ಚಹಾ ಮುಟ್ಟಬೇಡಿ.

ಈ ಚಹಾದ ಮಾತು ನನಗೆ ಮೊದಲೇ ಗೊತ್ತಿರಬೇಕಿತ್ತು. ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಮಣ್ಣು ಹೊತ್ತವಳು ನಾನು. ಧಣಿಗಳು ಒಳಗೆ ಕರೆದು ಚಹಾ ಕೊಟ್ಟರೆ ಸಾಕು, ಕೇಳಲು ಹೋದ ಮಾತನ್ನೂ ಅದರ ಜತೆ ನುಂಗಿಕೊಂಡು ಬರುತ್ತಿದ್ದೆವು.

ಮಕ್ಕಳು ಕೈ ಎತ್ತಿ ಶ್ರೇಯಾಳನ್ನು ಆರಿಸಿದರು. ಹೊರಗೆ ಬಾಯಿಯೇ ಬಿಡದ ಹುಡುಗಿ.

"ಅಜ್ಜಿ, ಐ ಕಾಂಟ್. ನೀನೂ ಬಾ."

"ಬರ್ತೇನೆ ಮಾರಾಯ್ತಿ. ಆದ್ರೆ ಮಾತಾಡುದು ನೀನೇ."

ಮ್ಯಾನೇಜರು ಕೆಟ್ಟವರಲ್ಲ. ನಮ್ಮ ದಂಡು ಕಂಡದ್ದೇ ಚಹಾ ತರಿಸಿದರು. "ಯಲ್ಲಾ, ಬನ್ನಿ ಬನ್ನಿ, ಕುಡಿಯಿರಿ." ಒಬ್ಬರೂ ಲೋಟ ಎತ್ತಲಿಲ್ಲ. ಅವರ ಮುಖ ಬಾಡಿತು. "ನನ್ನ ಚಹಾ ಬೇಡವಾ? ಅಷ್ಟು ಸಿಟ್ಟಾ?" (ಇಂಗ್ಲಿಷಿನಲ್ಲಿ ನಡೆದದ್ದು, ಶ್ರೇಯಾ ಆಮೇಲೆ ಹೇಳಿದಳು.)

ಶ್ರೇಯಾ ಒಂದು ಹೆಜ್ಜೆ ಮುಂದೆ ಬಂದಳು. "ಬೇಕು ಸರ್. ಆದರೆ ಮೊದಲು ಮೈದಾನ. ದಿನಾ ನಾಲ್ಕರಿಂದ ಆರು."

ಅವರು ಅವಳನ್ನೇ ನೋಡಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. "ಐದರಿಂದ ಆರು. ಖಲಾಸ್."

ಇವಳು ಹಿಂದೆ ತಿರುಗಿ ಮಕ್ಕಳ ಮುಖ ನೋಡಿದಳು. ಎಲ್ಲರೂ ತಲೆಯಾಡಿಸಿದರು. "ಬರೆದು ಕೊಡಿ ಸರ್" ಎಂದಳು. ನನ್ನ ಶ್ರೇಯಾ! ಅವರು ಬರೆದು ಸಹಿ ಹಾಕಿದ ಮೇಲೆಯೇ ಮಕ್ಕಳು ಲೋಟ ಎತ್ತಿದ್ದು.

ಸುದ್ದಿ ಕೇಳಿ ಗಣಿಯ ಅಜ್ಜ ಕಣ್ಣೊರೆಸಿಕೊಂಡು ನಕ್ಕರು. "ನನಗೆ ದಿನಕ್ಕೆ ಒಂದು ಗಂಟೆಯ ಬಿಡುವು ಗೆಲ್ಲಲು ಮೂರು ವಾರ ಗಣಿ ನಿಲ್ಲಿಸಬೇಕಾಗಿತ್ತು."

ಒಂದು ತಿಂಗಳು ನಾವು ದೊಡ್ಡವರೆಲ್ಲ ಎಸಿ ಹಾಕಿಕೊಂಡು ಕೂತು ಆ ಮ್ಯಾನೇಜರನ್ನು ಬೈದದ್ದೇ ಬೈದದ್ದು. ಹೋಗಿ ಕೇಳಬಹುದು ಎಂದು ಒಬ್ಬರಿಗಾದರೂ ಯಾಕೆ ಹೊಳೆಯಲಿಲ್ಲ, ಹೇಳಿ?