ಮೊಮ್ಮಗಳಿಗೆ ಮೊದಲು ಸುತ್ತಿದ ಸೀರೆ

ನನ್ನ ಮಗಳು ಹೆಣ್ಣು ಹೆತ್ತಳು ಕಣ್ರೀ! ಇವತ್ತು ಬೆಳಿಗ್ಗೆ, ತರೀಕೆರೆ ಆಸ್ಪತ್ರೆಯಲ್ಲಿ. ತಲೆ ತುಂಬಾ ಕೂದಲು, ಮೂಗು ಥೇಟ್ ನಂದೇ. ಹೇಳ್ಕೊಳ್ದಿದ್ರೆ ಹೊಟ್ಟೆ ಒಡೆದುಹೋಗುತ್ತೆ, ಅದಕ್ಕೇ ಬರೀತಿದೀನಿ. ಓದಿದ್ದು ಕಮ್ಮಿ, ತಪ್ಪಿದ್ರೆ ತಿದ್ಕೊಳ್ಳಿ.

ಇದೇ ಮಗಳಿಗೆ ಹಿಂದೆ ಮುಟ್ಟು ನಿಲ್ಲದೆ ಹೋಗ್ತಿತ್ತು. ಒಬ್ಬ ಡಾಕ್ಟರು ಗರ್ಭಕೋಶ ತೆಗೆದುಬಿಡೋಣ ಅಂದ್ರು. "ಸ್ವಲ್ಪ ತಡಿಯೇ" ಅಂತ ನಾನು ಬಡ್ಕೊಂಡೆ. ಯಾರು ಕೇಳಿದ್ರು? ಅಷ್ಟರಲ್ಲಿ ಕಡೂರಿಗೆ ಒಬ್ಬರು ಮೇಡಂ ಬಂದ್ರು. ಔಷಧಿ ಕಂಪನೀಲಿ ದೊಡ್ಡ ಹುದ್ದೆ ಬಿಟ್ಟು, ಸ್ವಂತ ದುಡ್ಡು ಹಾಕಿ, ಊರೂರಲ್ಲಿ ಮೀಟಿಂಗ್ ಮಾಡಿ ಹೆಂಗಸರಿಗೆ ತಿಳಿಸಿ ಹೇಳ್ತಾರೆ. ನಿಮ್ಮ ಮೈಗೆ ಕತ್ತರಿ ಹಾಕೋ ಮುಂಚೆ, ಹೊಸ ಔಷಧಿ ಕೊಟ್ಟು ನೋಡೋ ಮುಂಚೆ, ಯಾಕೆ ಅಂತ ಕೇಳಿ, ಅರ್ಥವಾಗದೆ ಹೂಂ ಅನ್ಬೇಡಿ ಅಂತ. ಮಗಳು ಅವರ ಮಾತು ಕೇಳಿದಳು. ಇನ್ನೊಬ್ಬ ಡಾಕ್ಟರ ಹತ್ರ ಹೋದಳು, ಮಾತ್ರೆಯಲ್ಲೇ ವಾಸಿಯಾಯ್ತು. ಒಳ್ಳೇದೇ ಆಯ್ತು, ಇಲ್ಲ ಅನ್ನೋಲ್ಲ. ಆದ್ರೆ ಅವತ್ತಿಂದ ಮನೇಲಿ ಬರೀ ಮೇಡಂ, ಮೇಡಂ. ನಾನು ಹೇಳಿದ್ರೆ ಗೊಣಗಾಟ, ಅದನ್ನೇ ಅವರು ಹೇಳಿದ್ರೆ ತಿಳುವಳಿಕೆ!

ನಮ್ಮಲ್ಲಿ ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ಮುಟ್ಟಿಸೋಲ್ಲ. ಹಿರಿ ಹೆಂಗಸಿನ ಹಳೇ ಸೀರೇಲಿ ಸುತ್ತಬೇಕು, ಅವರ ಗುಣ ಬರ್ಲಿ ಅಂತ. ನಾನು ನನ್ನ ನೂಲಿನ ಸೀರೆ ಒಗೆದು, ಬಿಸಿಲಿಗೆ ಹಾಕಿ, ಮಡಿಚಿಟ್ಟಿದ್ದೆ. ನೋವು ಶುರುವಾದಾಗ ಮಗಳು ಅಂತಾಳೆ, "ಬೇಜಾರ್ ಮಾಡ್ಕೋಬೇಡ ಕಣಮ್ಮ. ಮೇಡಂ ಹತ್ರ ಒಂದು ಸೀರೆ ಕೇಳಿದೀನಿ. ತರ್ತಾರೆ."

ಎದೆಗೆ ಮೆಣಸಿನಕಾಯಿ ಅರೆದು ಮೆತ್ತಿದಂಗಾಯ್ತು. ಹೆತ್ತು ಸಾಕಿದೋಳು ನಾನು, ಗುಣ ಮಾತ್ರ ಅವರದು ಬೇಕಾ?

ನರ್ಸಮ್ಮ ಬಾಗಿಲಿಗೆ ಬಂದು "ಬಟ್ಟೆ ಕೊಡಜ್ಜಿ" ಅನ್ನೋದಕ್ಕೂ ಮೇಡಂ ಏದುಸಿರು ಬಿಡ್ತಾ ಬರೋದಕ್ಕೂ ಸರಿಹೋಯ್ತು. ಕವರ್ ಬಿಚ್ಚಿದ್ರು. ನೋಡಿದ್ರೆ ಗರಿಗರಿ ಹೊಸ ಸೀರೆ, ಮಡಿಕೆ ಕೂಡ ಬಿಚ್ಚಿಲ್ಲ!

"ಉಟ್ಟಿದ್ದು ಕೊಟ್ರೆ ನಿಮಗೆ ಅವಮಾನ ಆಗುತ್ತೇನೋ ಅಂತ..." ಅಂದ್ರು.

"ಅಯ್ಯೋ, ಹೊಸದು ಆಗೋಲ್ವಲ್ಲ ಮೇಡಂ!" ಅಂತ ಆದಷ್ಟೂ ಸಪ್ಪೆ ಮುಖ ಮಾಡ್ಕೊಂಡು ನನ್ನ ಸೀರೆ ಚೀಲದಿಂದ ಎಳೆದು ನರ್ಸಮ್ಮನ ಕೈಗೆ ಹಾಕ್ದೆ. ಒಳಗೊಳಗೇ ಕುಣಿದೆ.

ಮೇಡಂ ಮುಖ ಕೆಂಪಾಯ್ತು. "ಕೇಳಿ ಕೇಳಿ ಅಂತ ಊರಿಗೆಲ್ಲ ಹೇಳೋಳು ನಾನು, ಇದೊಂದು ಕೇಳ್ಲಿಲ್ಲ ನೋಡಿ" ಅಂದ್ರು. ಪಾಪ ಅನ್ನಿಸ್ತು. ಒಂದು ಚೂರು.

ಆಮೇಲೆ ಮಗಳನ್ನ ವಾರ್ಡಿಗೆ ತಂದಾಗ ಮೇಡಂ ಮಂಚದ ಹತ್ರ ಬಂದು, "ಮಗೂನ ಎತ್ಕೊಳ್ಲಾ ಅಜ್ಜಿ?" ಅಂತ ಕೇಳಿದ್ರು.

"ನನ್ನೇನ್ ಕೇಳ್ತೀರಿ? ಹೆತ್ತೋಳ್ನ ಕೇಳಿ."

ಮಗಳು ನೋವಲ್ಲೂ ನಕ್ಕಳು. "ನೋಡಿ ಮೇಡಂ, ನಮ್ಮಮ್ಮ ತಾನೇ ನಿಮ್ಮ ಮೀಟಿಂಗ್ ನಡೆಸೋ ಹಂಗಾಗಿದಾಳೆ!"

ನನ್ನ ಕೈಯಲ್ಲಿ ಕಿರುಚ್ತಿದ್ದ ಕೂಸು ಅವರ ಕೈಗೆ ಹೋಗಿದ್ದೇ ಗಪ್‌ಚಿಪ್. ಕಳ್ಳಿ!

ಸಂಜೆ ಅಜ್ಜಂಪುರದಿಂದ ಬೀಗಿತ್ತಿ ಕ್ಯಾರಿಯರ್ ತುಂಬಾ ಅಡುಗೆ ತಂದ್ರು. ನರ್ಸಮ್ಮನ್ನ ಕಾಡಿ ಬೇಡಿ, ಮಗಳ ಮಂಚದ ಸುತ್ತ ನೆಲಕ್ಕೇ ಕೂತ್ವಿ. ಅವಳಿಗೆ ಮೆಣಸಿನ ಸಾರನ್ನ, ನಮಗೆ ಅಕ್ಕಿ ರೊಟ್ಟಿ, ಅವರೆಕಾಳು, ಪಾಯಸ. ಅಳಿಯ ಮೊದಲ ತುಪ್ಪ ಮೇಡಂ ತಟ್ಟೆಗೇ ಬಡಿಸಿದ.

"ಏನಪ್ಪಾ, ಇಲ್ಲಿ ಅಜ್ಜಿ ಯಾರು?" ಅಂದೆ.

ಎಲ್ಲರೂ ನಕ್ಕರು. ಅಳಿಯ ನನ್ನ ರೊಟ್ಟಿ ಮೇಲೆ ತುಪ್ಪದ ಬಟ್ಟಲನ್ನೇ ಬಗ್ಗಿಸಿದ. ಮೇಡಂದಕ್ಕಿಂತ ಜಾಸ್ತಿ ಬಿತ್ತಾ ಅಂತ ಒಂದ್ಸಲ ನೋಡ್ಕೊಂಡೇ ತಿನ್ನೋಕೆ ಶುರು ಮಾಡ್ದೆ.